ಮಾವನವರ ತೇಗು

ರಾಜಾಜಿನಗರ, ಬೆಂಗಳೂರು
೧೨ ಆಗಸ್ಟ್ ೧೯೮೬, ಮಂಗಳವಾರ

ಪ್ರೀತಿಯ ಅಮ್ಮಾ,

ಮೊದಲು ‘ಪೂಜ್ಯ ಅತ್ತೆಯವರಿಗೆ’ ಎಂದು ಬರೆದು ಆ ಹಾಳೆಯನ್ನು ಹರಿದು ಹಾಕಿದೆ. ಮದುವೆಯ ಮರುದಿನವೇ ನೀವು ‘ಅತ್ತೆ ಗಿತ್ತೆ ಅನ್ಬೇಡ್ವೇ, ವಯಸ್ಸಾದೋಳ ಹಾಗೆ ಕೇಳ್ಸತ್ತೆ, ಅಮ್ಮಾ ಅನ್ನು ಸಾಕು’ ಎಂದಿರಲ್ಲ, ಅದು ನನಗೆ ಎಷ್ಟು ಇಷ್ಟವಾಯಿತೆಂದು ಆವತ್ತು ಹೇಳಲು ನಾಚಿಕೆಯಾಗಿತ್ತು. ಈಗ ಹೇಳುತ್ತಿದ್ದೇನೆ. ನಿಮ್ಮ ಮಂಡಿ ನೋವು ಹೇಗಿದೆ? ನಾಗಪುರದ ಮಳೆಗೆ ಜಾಸ್ತಿಯಾಗಿಲ್ಲ ತಾನೇ? ಪುಟ್ಟಲಕ್ಷ್ಮಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳೆಯೇ, ಮಗು ಯಾರ ಹಾಗಿದೆ? ಮೂಗು ನಿಮ್ಮದೇ ಎಂದು ನಿಮ್ಮ ಕಾರ್ಡು ನೋಡಿದ ಮಾವನವರು ಇಡೀ ಬೀದಿಗೆ ಹೇಳಿಕೊಂಡು ಬಂದರು. ಪಕ್ಕದ ಮನೆ ಕಮಲಾಕ್ಷಮ್ಮನವರಿಗಂತೂ ಎರಡು ಸಲ ಹೇಳಿದ್ದಾರೆ. ಕಾನ್ವೆಂಟಿನಲ್ಲಿ ಕಲಿತ ನಾನು ಇಷ್ಟುದ್ದದ ಕನ್ನಡ ಕಾಗದ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರಗಳು ತಪ್ಪಿದ್ದರೆ ನಕ್ಕುಬಿಡಿ, ಆದರೆ ಪುಟ್ಟಲಕ್ಷ್ಮಿಗೆ ತೋರಿಸಬೇಡಿ.

ಮನೆಯಲ್ಲಿ ನಿಮ್ಮ ಕಿಟ್ಟಿ ಕ್ಷೇಮ. (ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆದರೆ ಪರವಾಗಿಲ್ಲ ಅಲ್ಲವೇ?) ಭಾನುವಾರ ಇವರು ನನ್ನನ್ನು ನವರಂಗ್‌ನಲ್ಲಿ ಮ್ಯಾಟಿನಿಗೆ ಕರೆದುಕೊಂಡು ಹೋಗಿದ್ದರು. ಇಂಟರ್‌ವಲ್‌ನಲ್ಲಿ ಕೋನ್ ಐಸ್‌ಕ್ರೀಮ್ ಕೊಡಿಸಿ, ಅದು ನನ್ನ ಸೀರೆಯ ಮೇಲೆ ಸೋರಿದ್ದಕ್ಕೆ ತಾವೇ ಕರ್ಚೀಫು ಒದ್ದೆ ಮಾಡಿಕೊಂಡು ಬಂದು ಒರೆಸಿದರು, ಎಲ್ಲರ ಎದುರಿಗೆ! ನಿಮ್ಮ ಮಗನನ್ನು ನೀವು ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ ಅಮ್ಮಾ. ಇಂಥದ್ದನ್ನೆಲ್ಲ ಅತ್ತೆಗೆ ಬರೆಯುವ ಸೊಸೆ ನಾನೊಬ್ಬಳೇ ಇರಬೇಕು.

ನೀವು ಮಗಳ ಬಾಣಂತನಕ್ಕೆಂದು ನಾಗಪುರಕ್ಕೆ ಹೊರಟ ದಿನ ಸ್ಟೇಷನ್ನಿನಲ್ಲಿ, ರೈಲು ಅಲುಗಾಡಿದ ಮೇಲೂ ಕಿಟಕಿಯಿಂದ ನನ್ನ ಕೈ ಬಿಡದೆ ಒಂದು ಮಾತು ಹೇಳಿದಿರಿ. ಬೀಗದಕೈ ಬಗ್ಗೆ ಅಲ್ಲ, ಹಾಲಿನವನ ಬಗ್ಗೆ ಅಲ್ಲ. ‘ಅವರು ತೇಗೋವರೆಗೂ ನೀನು ತಟ್ಟೆ ಹಾಕ್ಕೋಬೇಡ ಕಣೇ. ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳೋ ಪೈಕಿ ಅಲ್ಲ ಅವರು. ತೇಗಿ, ಅನ್ನದಾತಾ ಸುಖೀಭವ ಅಂದ್ರೆ ಅಡುಗೆ ಸೇರ್ತು ಅಂತ.’ ನಾನು ಅದನ್ನು ದೊಡ್ಡ ಪರೀಕ್ಷೆಯ ಹಾಗೆ ತೆಗೆದುಕೊಂಡೆ. ಮೊದಲ ವಾರ ಹುಳಿಗೆ ಉಪ್ಪು ಹೆಚ್ಚಾಗುವುದು, ಅನ್ನ ಮುದ್ದೆಯಾಗುವುದು, ಇದೇ ಕಥೆ. ಮಾವನವರು ಮಾತಾಡದೆ ಉಂಡು, ಸಣ್ಣಗೆ ತೇಗಿ ಏಳುತ್ತಿದ್ದರು. ಒಂದು ದಿನ ಹುಣಸೆಹಣ್ಣಿನ ಗೊಜ್ಜು ಮಾಡಿದೆ, ಕೆಂಪು ಮೆಣಸಿನಕಾಯಿ ಧಾರಾಳವಾಗಿ ಹಾಕಿ. ಅಮ್ಮಾ, ಆವತ್ತಿನ ತೇಗು! ಕಾಂಪೌಂಡಿನ ಆಚೆ ಕಮಲಾಕ್ಷಮ್ಮನವರಿಗೂ ಕೇಳಿಸಿ ‘ಏನ್ರೀ ಸೇತುರಾಮಯ್ಯನೋರೇ, ಸೊಸೆ ಕೈರುಚಿ ಜೋರಾಗಿದೆ’ ಎಂದರು. ನಾನು ಅಡುಗೆಮನೆಯಲ್ಲಿ ಕುಣಿದುಬಿಟ್ಟೆ. ಇವರು ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ‘ಇವತ್ತು ಅಪ್ಪ ಎಷ್ಟು ಮಾರ್ಕ್ಸ್ ಕೊಟ್ರು?’ ಎಂದು ಕೇಳುವುದು ರೂಢಿಯಾಯಿತು. ಮಾರ್ಕ್ಸ್ ಹೆಚ್ಚಲಿ ಎಂದು ನಾನು ಒಂದು ದಿನ ಗೊಜ್ಜು, ಇನ್ನೊಂದು ದಿನ ನಿಂಬೆಹಣ್ಣಿನ ಚಿತ್ರಾನ್ನ, ಮತ್ತೊಂದು ದಿನ ಕಾರವಾದ ಮೆಣಸಿನ ಸಾರು ಮಾಡಿದೆ. ತೇಗು ಹೆಚ್ಚುತ್ತಲೇ ಹೋಯಿತು.

ಇಷ್ಟು ಹೊತ್ತು ನಾನು ಸುತ್ತಿ ಬಳಸಿ ಬರೆಯುತ್ತಿದ್ದೇನೆ ಎಂದು ನಿಮಗೆ ಗೊತ್ತಾಗಿರಬೇಕು. ಹೋದ ತಿಂಗಳು ಒಂದು ಬೆಳಿಗ್ಗೆ ಬಚ್ಚಲಿಗೆ ಹೋದಾಗ ಕಲ್ಲಿನ ಮೇಲೆ ಕೆಂಪಗೆ ಏನೋ ಕಂಡಿತು. ಮಾವನವರು ಬಾಯಿ ಒರೆಸಿಕೊಳ್ಳುತ್ತಾ, ಚೊಂಬು ಹಿಡಿದು ಆತುರವಾಗಿ ನೀರು ಹಾಕುತ್ತಿದ್ದರು. ‘ಏನಿಲ್ಲಮ್ಮ, ನಿನ್ನೆ ಬೀಟ್‌ರೂಟ್ ಪಲ್ಯ ಇತ್ತಲ್ಲ’ ಎಂದರು. ಆ ವಾರವೆಲ್ಲ ನಾನು ಬೀಟ್‌ರೂಟ್ ಬೇಯಿಸಿರಲೇ ಇಲ್ಲ ಅಮ್ಮಾ. ಆಮೇಲೆ ಕಣ್ಣು ಬಿಟ್ಟು ನೋಡಿದರೆ ಎಲ್ಲವೂ ಕಾಣತೊಡಗಿತು. ಅವರು ಹಾಸಿಗೆ ಹಾಸುತ್ತಾರೆ, ಆದರೆ ಬೆಳಿಗ್ಗೆ ನೋಡಿದರೆ ಅದರಲ್ಲಿ ಮಲಗಿದ ಸುಕ್ಕೇ ಇರುವುದಿಲ್ಲ. ಆರಾಮ ಕುರ್ಚಿಯಲ್ಲೇ ಕೂತು ನಿದ್ದೆ ಮಾಡುತ್ತಾರೆ, ಮಲಗಿದರೆ ಹುಳಿ ಗಂಟಲಿಗೇ ಬರುತ್ತದಂತೆ. ಷರಟಿನ ಕಾಲರಿನಲ್ಲಿ ಕುತ್ತಿಗೆ ಸಡಿಲವಾಗಿ ಆಡುತ್ತದೆ. ಅನ್ನ ನುಂಗುವಾಗ ಒಂದೊಂದು ಸಲ ಕಣ್ಣು ಮುಚ್ಚಿ, ಎದೆಯ ಮೇಲೆ ಬೆರಳಿಟ್ಟು ಕಾಯುತ್ತಾರೆ. ನಾನು ಅದನ್ನು ರುಚಿಗೆ ಮೈಮರೆಯುವುದು ಎಂದುಕೊಂಡಿದ್ದೆ. ಗುಲಾಬಿ ಬಣ್ಣದ ಹೊಟ್ಟೆಯುರಿ ಔಷಧಿಯ ಬಾಟಲಿ ದೇವರ ಪಟದ ಹಿಂದೆ ಇತ್ತು.

ಇವರು ರಜ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ನಾನೂ ಹೋದೆ. ಗಂಟಲಿನೊಳಗೆ ಟ್ಯೂಬು ಇಳಿಸಿ ನೋಡಿದರು. ಗಂಟಲಿನಿಂದ ಹೊಟ್ಟೆಗೆ ಇಳಿಯುವ ಕೊಳವೆಯ ಕೊನೆಯಲ್ಲಿ ಒಂದು ಬಾಗಿಲಿನ ಹಾಗೆ ಇರುತ್ತದಂತೆ, ಮಾವನವರದು ಪೂರ್ತಿ ಸಡಿಲ. ಹೊಟ್ಟೆಯ ಹುಳಿ ಮೇಲೆ ಬಂದು ಬಂದು ಕೊಳವೆ ಹುಣ್ಣಾಗಿ, ಈಗ ಕಿರಿದಾಗುತ್ತಿದೆ. ಬಹಳ ವರ್ಷದ ಹಳೆಯ ಹುಣ್ಣು ಎಂದರು ಡಾಕ್ಟರು. ಕೆಟ್ಟ ರೋಗ ಇನ್ನೂ ಇಲ್ಲ, ಆದರೆ ಹೀಗೇ ಬಿಟ್ಟರೆ ಅನ್ನ ಇಳಿಯದ ಹಾಗಾಗಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಮಾತ್ರೆ ಕೊಟ್ಟಿದ್ದಾರೆ, ಉರಿ ತುಸು ಕಡಿಮೆಯಾಗಿದೆ, ಅಷ್ಟೇ. ಆಪರೇಷನ್ ಮಾಡಿಸಿದರೆ ಹೊಟ್ಟೆಯ ಮೇಲ್ಭಾಗವನ್ನೇ ಎಳೆದು ಆ ಕೊಳವೆಯ ಸುತ್ತ ಸುತ್ತಿ ಹೊಲಿಯುತ್ತಾರಂತೆ. ‘ಅಂದ್ರೆ ಹೊಟ್ಟೆಗೆ ಮಫ್ಲರ್ ಹಾಕ್ತೀರಿ ಅನ್ನಿ’ ಎಂದು ಮಾವನವರು ತಮಾಷೆ ಮಾಡಿದರು, ಡಾಕ್ಟರೂ ನಕ್ಕರು. ಈ ವಯಸ್ಸಿಗೆ, ಬಿ.ಪಿ. ಇರುವವರಿಗೆ, ಹೊಟ್ಟೆ ಕೊಯ್ಯುವುದರಲ್ಲಿ ಅಪಾಯ ಇಲ್ಲವೆಂದು ಹೇಳಲಾರೆ ಎಂದರು. ಅದಕ್ಕೂ ಮಾವನವರು ‘ಆಗಲಿ’ ಎಂದು ತಲೆಯಾಡಿಸಿದರು. ಕೊನೆಗೆ ಡಾಕ್ಟರು, ‘ಆಮೇಲೆ ನಿಮಗೆ ತೇಗು ಬರೋದು ಕಷ್ಟ. ಬಹುಶಃ ಬರೋದೇ ಇಲ್ಲ’ ಎಂದರು. ಮಾವನವರು ಎದ್ದು ಕೈ ಮುಗಿದರು. ‘ಹಾಗಾದ್ರೆ ಬೇಡಿ ಡಾಕ್ಟ್ರೇ.’

ಮನೆಗೆ ಬಂದ ಮೇಲೆ ಇವರು ಮೊದಲ ಸಲ ಅಪ್ಪನ ಮೇಲೆ ಕೂಗಾಡಿದ್ದನ್ನು ನೋಡಿದೆ. ‘ಒಂದು ತೇಗಿಗೋಸ್ಕರ ಪ್ರಾಣ ಬಿಡ್ತೀರಾ? ಜನ ಕೇಳಿದ್ರೆ ನಗ್ತಾರಪ್ಪ!’ ಮಾವನವರು ಹಿತ್ತಿಲಿಗೆ ಹೋಗಿ ನಿಮ್ಮ ಕನಕಾಂಬರಕ್ಕೆ ನೀರು ಹಾಕುತ್ತಾ ನಿಂತರು. ಮಳೆ ಬರುತ್ತಿತ್ತು, ಆದರೂ ಹಾಕುತ್ತಿದ್ದರು. ಕಮಲಾಕ್ಷಮ್ಮನವರು ಜೀರಿಗೆ ಕಷಾಯ ತಂದು, ‘ಹೊಟ್ಟೆ ಕೊಯ್ಸ್ಕೊಂಡೋರು ಯಾರಮ್ಮ ಮುಂಚಿನ ಹಾಗೆ ಉಂಡಿರೋದು? ಸುಮ್ನಿರಿ’ ಎಂದು ಹೇಳಿಹೋದರು. ಅವರ ಮಾತೂ ಸುಳ್ಳಲ್ಲವೇನೋ. ನನಗೆ ಯಾವುದು ಸರಿ ಎಂದು ತಿಳಿಯದೆ, ಕುಕ್ಕರಿನ ಎದುರಿಗೆ ಕೂತು ಅತ್ತುಬಿಟ್ಟೆ. ಸೀಟಿ ಎಷ್ಟಾಯಿತೋ ಗೊತ್ತಾಗಲಿಲ್ಲ, ಬೇಳೆ ತಳ ಹಿಡಿಯಿತು.

ಮಾರನೆಯ ದಿನ ಗಂಜಿ ಕೊಡುವಾಗ ನಾನೇ ಕೇಳಿದೆ, ಯಾಕೆ ಮಾವ ಎಂದು. ಅವರು ಲೋಟ ನೋಡುತ್ತಾ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ‘ನಿಮ್ಮತ್ತೆ ಮದುವೆಯಾಗಿ ಬಂದಾಗ ಚಿಕ್ಕ ಹುಡುಗಿ ಕಣಮ್ಮ. ಏನು ಮಾಡಿದ್ರೂ ನಮ್ಮಮ್ಮ ಹೆಸರಿಡೋರು. ಅವಳು ಅಡುಗೆಮನೆ ಬಾಗಿಲ ಹಿಂದೆ ನಿಂತು ಅಳೋಳು. ಅಪ್ಪ ಅಮ್ಮನ ಎದುರಿಗೆ ಹೆಂಡ್ತೀನ ಹೊಗಳೋ ಹಾಗಿತ್ತಾ ಆಗ? ಒಂದಿನ ಊಟ ಆದ್ಮೇಲೆ ತಾನಾಗೇ ಒಂದು ತೇಗು ಬಂತು, ಜೋರಾಗಿ. ಅನ್ನದಾತಾ ಸುಖೀಭವ ಅಂದೆ. ಬಾಗಿಲ ಹಿಂದೆ ಬಳೆ ಸದ್ದಾಯ್ತು. ಕಣ್ಣು ಒರೆಸಿಕೊಂಡ್ಲು ಅಂತ ಕಾಣತ್ತೆ. ಅವತ್ತಿಂದ, ಬರಲಿ ಬರದೇ ಇರಲಿ, ಗಾಳಿ ನುಂಗಿಯಾದ್ರೂ ತೇಗ್ತೀನಿ. ತೇಗು ಕೇಳಿಸದೆ ಅವಳು ಇವತ್ತಿಗೂ ಊಟಕ್ಕೆ ಕೂತಿಲ್ಲ. ಈಗ ಅದನ್ನ ಹೊಲಿದು ಹಾಕಿದ್ರೆ ನಾನು ಏನಂತ ಹೇಳ್ಲಿ? ಬಾಯಲ್ಲಿ ಹೇಳಿ ಅಭ್ಯಾಸವಿಲ್ಲಮ್ಮ ನನಗೆ.’

ಅಮ್ಮಾ, ಬಲವಂತವಾಗಿ ತೇಗಿದಷ್ಟೂ ಹುಳಿ ಮೇಲೆ ಬರುತ್ತದೆ, ಹುಣ್ಣು ಕೆರಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಇದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ಒದ್ದಾಡಿದೆ. ‘ಬಾಣಂತಿ ಮನೇಲಿರೋಳಿಗೆ ಇದೆಲ್ಲ ಹೇಳ್ಬೇಡ’ ಎಂದು ಮಾವನವರು ಆಣೆ ಹಾಕಿಸಿಕೊಂಡಿದ್ದಾರೆ. ಹೇಳಬಾರದೆಂದು ಆಣೆ, ಬರೆಯಬಾರದೆಂದಲ್ಲ, ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ನೀವು ಇಷ್ಟು ವರ್ಷ ಕಾದು ಕೇಳಿಸಿಕೊಂಡದ್ದು ಬರೀ ಕಾಯಿಲೆಯ ಸದ್ದು ಎಂದುಕೊಳ್ಳಬೇಡಿ. ನಾನು ಆ ಮುಖ ನೋಡಿದ್ದೇನೆ. ನಿಮ್ಮ ಮಾತು ಬಂದಾಗ ಅವರು ಗಂಜಿಯನ್ನೂ ಮರೆತಿದ್ದರು. ನನಗೆ ಮದುವೆಯಾಗಿ ಇನ್ನೂ ಮೂರು ತಿಂಗಳಾಗಿಲ್ಲ. ಇವರು ದಿನಕ್ಕೆ ಹತ್ತು ಸಲ ಇಂಗ್ಲಿಷಿನಲ್ಲಿ ಏನೇನೋ ಪ್ರೀತಿಯ ಮಾತು ಹೇಳುತ್ತಾರೆ, ನಾನೂ ಹೇಳುತ್ತೇನೆ. ಆವತ್ತು ಆ ಮಾತುಗಳೆಲ್ಲ ನನಗೆ ಬಹಳ ಹಗುರವಾಗಿ ಕಂಡವು.

ಆಪರೇಷನ್ ಬೇಕೋ ಬೇಡವೋ, ಗಣೇಶನ ಹಬ್ಬದೊಳಗೆ ಹೇಳಿ ಎಂದಿದ್ದಾರೆ ಡಾಕ್ಟರು. ಇವರು ಮಾಡಿಸಲೇಬೇಕು ಎನ್ನುತ್ತಾರೆ. ನನಗೆ ಆಪರೇಷನ್ ಎಂದರೂ ಭಯ, ಬೇಡ ಎಂದರೂ ಭಯ. ಬಚ್ಚಲಿನ ಕಲ್ಲನ್ನು ಈಗ ದಿನಾ ಮೊದಲು ನಾನೇ ಹೋಗಿ ನೋಡುತ್ತೇನೆ. ಆದರೆ ಅವರು ಬೇಡ ಎನ್ನುತ್ತಿರುವುದು ಕತ್ತರಿಯ ಭಯಕ್ಕಲ್ಲ, ನಿಮ್ಮ ಊಟಕ್ಕಾಗಿ. ಅದನ್ನು ತೀರ್ಮಾನಿಸುವ ಹಕ್ಕು ನನಗಿಲ್ಲ, ಇವರಿಗಿಲ್ಲ. ನಿಮಗೊಬ್ಬರಿಗೇ ಇದೆ. ತಕ್ಷಣ ಹೊರಟು ಬನ್ನಿ ಎಂದು ಬರೆಯಲಾರೆ, ಪುಟ್ಟಲಕ್ಷ್ಮಿ ಹಸಿ ಬಾಣಂತಿ.

ಅವಳಿಗೆ ನನ್ನ ಪ್ರೀತಿ ಹೇಳಿ, ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು. ನಿಮ್ಮ ಕಾಲು ಮುಟ್ಟಿ ನಮಸ್ಕರಿಸುತ್ತೇನೆ, ಮಂಡಿಗೆ ನೋವಾಗದ ಹಾಗೆ. ಗೌರಿ ಹಬ್ಬಕ್ಕೆ ನೀವಿಲ್ಲದೆ ಮೊದಲ ಬಾಗಿನ ಹೇಗೆ ಜೋಡಿಸಲಿ ಎಂಬುದನ್ನೂ ಬರೆಯಿರಿ.

ನಿಮ್ಮ ಸೊಸೆ ಎನ್ನುವುದಕ್ಕಿಂತ ಮಗಳೇ ಆದ,
ಜಗದಾಂಬಾ

ಇನ್ನೊಂದು ಮಾತು: ಇವತ್ತು ರಜದಲ್ಲಿರುವ ಇವರು ಕಾಗದ ಡಬ್ಬಕ್ಕೆ ಹಾಕಲು ಸೈಕಲ್ ಹಿಡಿದು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಈಗ ಮಧ್ಯಾಹ್ನ ಮಾವನವರು ಗಂಜಿ ಕುಡಿದು ಎಲ್ಲರೂ ಎದ್ದ ಮೇಲೂ ಮಣೆಯ ಮೇಲೆ ಕೂತೇ ಇದ್ದರು. ನಾನು ಬಾಗಿಲ ಹಿಂದೆ ಇದ್ದುದು ಅವರಿಗೆ ಗೊತ್ತಿರಲಿಲ್ಲ. ತೇಗಲಿಲ್ಲ. ಅಡುಗೆಮನೆ ಕಡೆಗೆ ತಿರುಗಿ, ಮೆಲ್ಲಗೆ, ‘ಅನ್ನದಾತಾ ಸುಖೀಭವ’ ಎಂದರು. ಸರಿಬರಲಿಲ್ಲವೇನೋ, ಇನ್ನೊಮ್ಮೆ ತುಸು ಗಟ್ಟಿಯಾಗಿ ಅಂದರು. ಆಮೇಲೆ, ನಿಮ್ಮ ಹೆಸರು ಹಿಡಿದು, ‘ಅನಂತೂ, ಊಟ ಚೆನ್ನಾಗಿತ್ತು ಕಣೇ’ ಎಂದರು. ನಾನು ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದೆ, ಬಳೆ ಸದ್ದಾಯಿತು. ತಿರುಗಿ ನೋಡಿ, ನಾಚಿಕೊಂಡು, ‘ಇಷ್ಟು ಸಾಕಾಗತ್ತೇನಮ್ಮ ಅವಳಿಗೆ?’ ಎಂದು ಕೇಳಿದರು. ಸಾಕೇ ಅಮ್ಮಾ? ಅವರ ಹೆಸರಿಗೇ ಒಂದು ಕಾರ್ಡು ಹಾಕಿ, ದಪ್ಪ ಅಕ್ಷರದಲ್ಲಿ ಬರೆಯಿರಿ, ಕನ್ನಡಕ ಇಲ್ಲದೆಯೂ ಓದುವ ಹಾಗೆ.