ಸಮತಾಳ ಕಾಲೇಜು ನೋಡಿ ಬಂದೆ

ಸಿದ್ದು ಮಾರಾಯ,

ನೀನು ಹಾಸ್ಟೆಲ್ ರೂಮಲ್ಲಿ ಜೀವ ಕಳಕೊಂಡ ಮೇಲೆ ಮನೇಲಿ ಯಾರೂ ನನ್ನ ಸಲಹೆ ಕೇಳ್ತಿರಲಿಲ್ಲ. ಇವತ್ತು ನಿನ್ನ ತಂಗಿ ಸಮತಾ, "ಕಾಲೇಜು ಸೇರಿಸೋಕೆ ನೀನೇ ಬಾ ಮಾವ" ಅಂದ್ಲು. ಜನ್ನಾಪುರದಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋದ್ವಿ.

ಏಳನೇ ಕ್ಲಾಸು ಓದಿದ ನಾನು ಗೇಟಿನ ಗತ್ತು ನೋಡಿ ನಿನ್ನ ಕಾಲೇಜು ಆರಿಸಿ, ಊರಿಗೆಲ್ಲ ಸಾರಿದ್ದೆನಲ್ಲ. ಈ ಸಲ ಕೊನೇ ಬಸ್ಸು ಎಷ್ಟೊತ್ತಿಗೆ ಅಂತಷ್ಟೇ ವಿಚಾರಿಸಿದೆ.

"ಹಾಸ್ಟೆಲ್ ಬೇಕಾ?" ಅಂದರು ಆಫೀಸಿನವರು.

"ಬೇಡ ಸಾರ್, ರಾತ್ರಿ ಊಟಕ್ಕೆ ಮನೇಲಿರಬೇಕು" ಅಂದೆ ನಾನು.

"ಅಣ್ಣ ತಮ್ಮ ಇದ್ದಾರೇನಮ್ಮ?"

ಸಮತಾ ಬಾಯಿ ತೆರೆಯೋ ಮೊದಲೇ ನಾನು ಹೇಳಿಬಿಟ್ಟೆ: "ಅಣ್ಣ ಇದ್ದಾನೆ. ಇಂಜಿನಿಯರಿಂಗ್ ಕೊನೇ ವರ್ಷ. ಕ್ಲಾಸಿಗೇ ಫಸ್ಟು, ನಮ್ಮ ಹುಡುಗ."

ವಾಪಸ್ ಬರುವಾಗ ಅವಳು ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟು, ನನ್ನ ಒದ್ದೆ ಕಣ್ಣು ಕಾಣದ ಹಾಗೆ ತಾನು ಆಚೆ ಸೀಟಿನ ಕಡೆ ಮುಖ ಮಾಡಿ ಕೂತಳು.