ಚೌಕಳಿ ಕಾಗದ

ಇಳಕಲ್ಲ
೧೮-೧೧-೧೯೮೩

ಚಿ. ಸೌ. ಗುರುಸಿದ್ದವ್ವಗೆ ನಿನ್ನ ಅಪ್ಪ ರಾಚಪ್ಪ ಮನಸಾರೆ ಮಾಡುವ ಆಶೀರ್ವಾದ.

ನಿನ್ನ ಪತ್ರ ದಸರೆಗೆ ಮೊದಲೇ ಮುಟ್ಟಿತು. ದೀಪಾವಳಿ ದಾಟಿದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಈಗ ಬರೆಯುವುದೇ ಒಂದು ದೊಡ್ಡ ಕೆಲಸ. ಹಾಳೆಯನ್ನು ಮಡಚಿ ಮಡಚಿ ನಿರಿಗೆ ಮಾಡಿಕೊಂಡು, ನಿರಿಗೆಯ ಮೇಲೆ ಎಡಗೈ ಬೆರಳಿಟ್ಟು, ಅದರ ಗುಂಟ ಬರೆಯುತ್ತ ಹೊರಟಿದ್ದೇನೆ. ಅಕ್ಷರ ಒಂದರ ಮೇಲೊಂದು ಹತ್ತಿ ಕೂತಿದ್ದರೆ ಅಳಿಯಂದಿರಿಗೆ ತೋರಿಸಿ ನಗಬೇಡ.

ಕೆರೂರಲ್ಲಿ ನಿಮ್ಮ ಓಣಿಯವರೊಬ್ಬರು ಮಗ್ಗ ಮಾರುತ್ತಾರೆ, ಅಳಿಯಂದಿರು ಕೊಡಿಸಲು ತಯಾರಿದ್ದಾರೆ ಅಂತ ಬರೆದಿದ್ದೀ. "ನನ್ನ ಕೈ ಕೆಟ್ಟೈತಿ ಅಂದಿದ್ರಿ ಅಪ್ಪಾ. ಈಗರೆ ಮಗ್ಗಕ್ಕ ಕುಂಡ್ರಲೇನು? ನೀವು ಹೂಂ ಅಂದ್ರಷ್ಟ ತಗೋತೇನಿ" ಅಂತ ಕೇಳಿದ್ದೀ. ಅದಕ್ಕೆ ಉತ್ತರ ಆಮೇಲೆ ಬರೆಯುತ್ತೇನೆ. ಮೊದಲು ಇಲ್ಲಿಯ ಸುದ್ದಿ ಕೇಳು.

ಶ್ರಾವಣದಿಂದ ಪೇಪರ ಓದುವಾಗ ಸಾಲಿನ ನಡುವಿನ ಅಕ್ಷರ ತಗ್ಗಿಗೆ ಬಿದ್ದಂತೆ ಇಳಿಯತೊಡಗಿದವು. ನಿಮ್ಮವ್ವ ಬಿಡಲಿಲ್ಲ. ಸೀಗಿ ಹುಣ್ಣಿಮೆ ಮುಗಿದ ಕೂಡಲೇ ಹುಬ್ಬಳ್ಳಿಗೆ ಎಳೆದುಕೊಂಡು ಹೋದಳು. ಹೋದ ವರ್ಷ ಸಂಕ್ರಾಂತಿ ಮುಂದೆ ನನ್ನ ಬಲಗಣ್ಣಿನ ಒಳಪರದೆ ಕಳಚಿದಾಗ ಆಪರೇಷನ್ ಮಾಡಿ ಕೂಡಿಸಿದ ದವಾಖಾನೆಯೇ. ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋದದ್ದು ನಿನಗೆ ಗೊತ್ತು. ಇದ್ದದ್ದು ಇದೊಂದೇ.

ತೋಳಿನ ನರಕ್ಕೆ ಹಳದಿ ಔಷಧ ಚುಚ್ಚಿದರು. ಒಂದು ಮಿಶಿನ್ನಿನ ಮುಂದೆ ಗದ್ದ ಊರಿಸಿ ಕೂಡಿಸಿ, ಕಣ್ಣೊಳಗೆ ಫಟ್ ಫಟ್ ಅಂತ ಬೆಳಕು ಬಿಟ್ಟು, ಪರದೆಯ ಫೋಟೋ ತೆಗೆದರು. ಎರಡು ದಿನ ಮೈಯೂ ಹಳದಿ, ಮೂತ್ರವೂ ಹಳದಿ. "ಮದಿವ್ಯಾಗೂ ನಿಮಗ ಇಷ್ಟು ಅರಿಷಿಣ ಹತ್ತಿರಲಿಲ್ಲ ಬಿಡ್ರಿ" ಅಂದಳು ನಿಮ್ಮವ್ವ. ನಕ್ಕೆವು. ಅಲ್ಲಿ ನಕ್ಕದ್ದು ಅದೊಂದೇ ಸಲ.

ಡಾಕ್ಟರು ಫೋಟೋವನ್ನು ಅವಳಿಗೆ ತೋರಿಸಿದರು. ನನಗೆ ತೋರಿಸಿ ಏನು ಉಪಯೋಗ? "ಪರದಿ ಹತ್ತೇತಿ ಅವ್ವಾ, ಆದ್ರ ನಟ್ಟನಡುವ ನಿರಿಗಿ ಬಿದ್ದಾವ. ತೊಯ್ದ ಅರಿವಿ ಝಾಡಿಸದ ಒಣಹಾಕಿದ್ರ ಹೆಂಗ ಆಕ್ಕೇತಿ, ಹಂಗ" ಅಂದರು. ಆಮೇಲೆ ನನ್ನ ಹಳೆಯ ಕೇಸ್‌ಪೇಪರ ತೆಗೆದರು. "ಹೋದ ವರ್ಷ ಶಿವರಾತ್ರಿ ಮುಂದ ಬಂದಾಗ ನಿಮಗ ಈ ಕಾಗದ ತೋರ್ಸಿ ಕೇಳಿದ್ದೆ. ಎಲ್ಲಾ ಗೆರಿ ನೆಟ್ಟಗ ಅಂದೀರಿ, ಇಲ್ಲಿ ಬರದೇನಿ. ಖರೇನ ನೆಟ್ಟಗ ಕಂಡಿದ್ವೇನು ಯಜಮಾನ್ರ?"

ಅಂಗೈಯಗಲದ ಕಾಗದ ಅದು, ತುಂಬ ಸಣ್ಣ ಸಣ್ಣ ಚೌಕಳಿ, ನಡುವೆ ಒಂದು ಕರಿ ಚುಕ್ಕಿ. ಚುಕ್ಕಿಯ ಮಗ್ಗುಲಿನ ಗೆರೆಗಳು ಶಿವರಾತ್ರಿಗೇ ಬಾಗಿ ಕಂಡಿದ್ದವು, ಮಗಳೇ. ಆದರೆ ಸೀರೆಯಂಚಿನ ದಡಿಯ ನಕ್ಷೆ ಬರೆಯುತ್ತ ಮೂವತ್ತು ವರ್ಷ ಇಂಥ ಚೌಕಳಿ ಕಾಗದದ ಮೇಲೇ ಬಾಳಿದವನು ನಾನು. ಅಚ್ಚಿನ ಗೆರೆ ಎಲ್ಲಾದರೂ ಸೊಟ್ಟ ಇರುತ್ತದೆಯೇ? ಎಣಿಸಿ ನೋಡಿದ್ದೆ, ಚುಕ್ಕಿಯ ಆಚೆ ಹತ್ತು ಮನೆ, ಈಚೆ ಹತ್ತು ಮನೆ, ಸರಿಯಾಗೇ ಇತ್ತು. ನೇಕಾರನ ಮುಂದೆ ಚೌಕಳಿ ಹಿಡಿದು ಪರೀಕ್ಷೆ ಮಾಡುತ್ತಿದ್ದಾನಲ್ಲ ಈ ಡಾಕ್ಟರು ಅಂತ ಒಳಗೊಳಗೇ ನಗೆಯೂ ಬಂದಿತ್ತು. "ಎಲ್ಲಾ ನೆಟ್ಟಗ ಅವ್ರಿ, ಅಚ್ಚಿನ ಕಾಗದ ಅಲ್ಲೇನ್ರಿ" ಅಂದಿದ್ದೆ. ಅವರು ಕೇಳಿದ್ದು ನನ್ನ ಕಣ್ಣಿನ ಸುದ್ದಿ, ನಾನು ಹೇಳಿದ್ದು ಕಾಗದದ ಸುದ್ದಿ.

"ಆವಾಗ ಹೇಳಿದ್ರ ಏನರೆ ಮಾಡಾಕ ಬರ್ತಿತ್ತೇನೋ. ಈಗ ನಡುವಿನ ಜಾಗಾ ಸತ್ತೈತಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನಂಥ ದಡ್ಡ ಇನ್ನೊಬ್ಬನಿಲ್ಲ. ಬಾಗಿಲ ಚೌಕಟ್ಟು ಬಾಗಿ ಕಂಡರೆ ಮಳೆಗೆ ಕಟ್ಟಿಗೆ ಉಬ್ಬಿದೆ ಅಂದೆ. ಕರೆಂಟಿನ ಕಂಬ ಡೊಂಕಾದರೆ ಲಾರಿ ಗುದ್ದಿರಬೇಕು ಅಂದೆ. ಸೊಟ್ಟ ಇರುವುದೆಲ್ಲ ಹೊರಗೇ ಇದೆ ಅಂತ ಒಂದೂವರೆ ವರ್ಷ ಜಗತ್ತಿನ ಜೊತೆ ಜಗಳಾಡಿದೆ. ಈಗ ನಿಮ್ಮವ್ವನ ಮುಖ ನೋಡಿದರೆ ಮೂಗಿನ ಹತ್ತಿರ ತಿರುಚಿ ಮಾಯವಾಗುತ್ತದೆ. ಅವಳಿಗೆ ಹೇಳಿಲ್ಲ, ನೀನೂ ಹೇಳಬೇಡ.

ಮಗ್ಗ ಬಿಚ್ಚಿ ಅಟ್ಟಕ್ಕೆ ಏರಿಸಿದೆವು. ದಿನವಿಡೀ ಕಟ್ಟೆಯ ಮೇಲೆ ಕೂತು ಓಣಿಯ ಮಗ್ಗಗಳ ಸಪ್ಪಳ ಕೇಳುತ್ತೇನೆ. ಯಾರ ಲಾಳಿ ತಡವರಿಸಿತು ಅಂತ ಇಲ್ಲಿಂದಲೇ ಹೇಳಬಲ್ಲೆ. ಹೇಳಿ ಆಗುವುದೇನು? ಬದುಕು ಸಾಕಾಗಿದೆ ಗುರುಸಿದ್ದವ್ವಾ.

ಹುಬ್ಬಳ್ಳಿಯಿಂದ ಬರುವಾಗ ಬಸ್ಸು ಕೆರೂರಲ್ಲಿ ಹತ್ತು ನಿಮಿಷ ನಿಂತಿತ್ತು. ನಿಮ್ಮವ್ವ ಇಳಿಯೋಣ ಅಂದಳು. ಕೈಯಲ್ಲಿ ಗಂಟುಗಳು ಭಾಳ ಇದ್ದವು, ಇಳಿಯಲಿಲ್ಲ. ತಪ್ಪು ತಿಳಿಯಬೇಡ.

ಅಳಿಯಂದಿರಿಗೆ, ಬೀಗರಿಗೆ ನಮ್ಮ ಶರಣಾರ್ಥಿ ಹೇಳು. ನಿನ್ನ ಮನೆಯಲ್ಲಿ ಅನ್ನಕ್ಕೂ ನಗುವಿಗೂ ಕೊರತೆ ಬಾರದಿರಲಿ. ಬಸವಣ್ಣ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ರಾಚಪ್ಪ

ತಾ. ಕ.: ಪತ್ರವನ್ನು ಎರಡು ದಿನ ಪೋಸ್ಟಿಗೆ ಹಾಕದೆ ಇಟ್ಟುಕೊಂಡಿದ್ದೆ. ನೀನು ಕೇಳಿದ್ದಕ್ಕೆ ಉತ್ತರ ಬರೆಯದೆ ಸಹಿ ಹಾಕಿದ್ದೆ. ಕೆರೂರಲ್ಲಿ ಇಳಿಯದ್ದಕ್ಕೂ ಗಂಟುಗಳು ಕಾರಣವಲ್ಲ. ನಿನ್ನ ಮುಂದೆ ಬಂದು ನಿಲ್ಲುವ ಧೈರ್ಯ ಇರಲಿಲ್ಲ.

ಹೋದ ವರ್ಷ ಯುಗಾದಿಗೆ, ನನ್ನ ಆಪರೇಷನ್ ಆಗಿದೆ ಅಂತ ನನ್ನ ಬದಲು ನೀನು ಮಗ್ಗಕ್ಕೆ ಕೂತೆ. ದಡಿ ಹಾವು ಹರಿದಂತೆ ಹರಿದಿದೆ ಅಂತ, ಕಂಡಿಕೆಗೆ ನೂಲು ಸುತ್ತಲು ಬಂದ ಹುಸೇನಬಿಯ ಮುಂದೆ, ಓಣಿಯ ಮಂದಿಯ ಮುಂದೆ, ನಾನು ಸೀರೆಯನ್ನು ಮಗ್ಗದ ಮೇಲೇ ಕತ್ತರಿಸಿ ಹಾಕಿದೆ. "ನೆಟ್ಟಗೈತೆಲ್ಲಪಾ" ಅಂದೆ ನೀನು, ಒಂದೇ ಸಲ. "ಕೈ ಕೆಟ್ಟೈತಿ ನಿಂದು, ಏಳು, ಇನ್ನ ಮಗ್ಗ ಮುಟ್ಟಬ್ಯಾಡ" ಅಂದೆ ನಾನು. ಎರಡು ತಿಂಗಳೊಳಗೆ ಮಗ್ಗವಿಲ್ಲದ ಮನೆ ಹುಡುಕಿ ಕೊಟ್ಟುಬಿಟ್ಟೆ.

ಆ ಎರಡು ತುಂಡುಗಳನ್ನು ನಿಮ್ಮವ್ವ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಹುಬ್ಬಳ್ಳಿಯಿಂದ ಬಂದ ಮರುದಿನ ತೆಗೆಸಿದೆ. ಅವಳೊಂದು ತುದಿ, ಹುಸೇನಬಿಯೊಂದು ತುದಿ ಹಿಡಿದು ದಡಿಯ ಗುಂಟ ರೇಷ್ಮೆ ಎಳೆಯನ್ನು ಬಿಗಿದರು. "ಕೂದಲಷ್ಟೂ ಆಚೀಚಿ ಆಗಿಲ್ಲ ಅಣ್ಣಾ" ಅಂತ ಹುಸೇನಬಿ ಅತ್ತಳು. ನನಗೆ ಆ ಬಿಗಿದ ಎಳೆಯೂ ಬಾಗಿಯೇ ಕಂಡಿತು. ಅಚ್ಚಿನ ಕಾಗದವನ್ನು ನಂಬಿದೆ, ನಿನ್ನ ಕೈಯನ್ನು ನಂಬಲಿಲ್ಲ.

ಇದನ್ನು ಬರೆಯಲು ಹೆದರಿ ದಿನ ದೂಡುತ್ತಿದ್ದೆ. ಇವತ್ತು ನಿನ್ನ ಕಾರ್ಡು ಬಂತು. "ನೀವು ಉತ್ತರ ಬರೀಲಿಲ್ಲ ಅಪ್ಪಾ, ಅಂದ್ರ ಬ್ಯಾಡ ಅಂತನ ತಿಳ್ಕೊಂಡೆ, ಮಗ್ಗಾ ಬ್ಯಾರೆಯವ್ರು ಒಯ್ದ್ರು" ಅಂತ ಬರೆದಿದ್ದೀ. ಎರಡು ಸಲ ಓದಿಸಿ ಕೇಳಿದೆ.

ತುಂಡುಗಳನ್ನು ಪಾರ್ಸಲ್ ಮಾಡಿಸಿದ್ದೇನೆ. ನಿನ್ನ ಕೈ ಎಂದೂ ಕೆಟ್ಟಿರಲಿಲ್ಲ. ಆದರೆ ನಾನು ಹೇಳಿದೆ ಅಂತ ಇದನ್ನು ನಂಬಬೇಡ, ನನ್ನ ಮಾತು ನಂಬಿಯೇ ನೀನು ಮಗ್ಗ ಬಿಟ್ಟು ಎದ್ದದ್ದು. ನೀನೇ ಒಂದು ಎಳೆ ಬಿಗಿದು ನೋಡು.