ಮೂವತ್ತೊಂದನೆಯ ಮುಖ

ಡೊಂಬಿವಲಿ (ಪೂರ್ವ)
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ಪ್ರೇಕ್ಷಾ,

ಅಮ್ಮನ ಆಶೀರ್ವಾದ. ನೀನು ಮನೆ ಬಿಟ್ಟು ವಾಶಿಗೆ ಹೋಗಿ ಐದು ತಿಂಗಳಾಯಿತು. ಇಷ್ಟು ದಿನ ಬರೆಯಲಿಲ್ಲ, ಬೇಸರಿಸಬೇಡ. ಫೋನು ಎತ್ತುತ್ತೀಯೇನೋ ಎಂದು ಕಾದೆ. ಅಪ್ಪನ ಫೋನು ಮಾತ್ರ ಎತ್ತುತ್ತೀ ಎಂದು ತಿಳಿದ ಮೇಲೆ ಈ ಕಾಗದ. ನಾಲ್ಕನೇ ತರಗತಿವರೆಗೆ ಕನ್ನಡ ಶಾಲೆಗೆ ಹೋದವಳು ನೀನು, ನಿಧಾನವಾಗಿ ಓದು. ನಿನ್ನ ರೂಮಿನ ತೃಷಾಳಿಗೆ ತೋರಿಸಬೇಡ.

ಇಲ್ಲಿ ಕ್ಷೇಮ. ಅಪ್ಪನಿಗೆ ಮಂಡಿನೋವು ಇದೆ, ಆದರೂ ಕಲ್ಯಾಣದ ಹೋಟೆಲಿನ ಗಲ್ಲೆಯಲ್ಲಿ ಕೂರುವುದನ್ನು ತಪ್ಪಿಸುವುದಿಲ್ಲ. ಬಚ್ಚಲಿನ ಕನ್ನಡಿಯ ಮೇಲೆ ನೀನು ಅಂಟಿಸಿದ ಹಳೆಯ ಪೇಪರ್ ಹಾಗೆಯೇ ಇದೆ. ಅಪ್ಪ ಮೊಬೈಲಿನಲ್ಲಿ ಮುಖ ನೋಡಿಕೊಂಡು ಗಡ್ಡ ತೆಗೆಯುತ್ತಾರೆ. ಕಿತ್ತುಬಿಡಲೇ ಎಂದರೆ, "ಬೇಡ ಮಾರಾಯ್ತಿ. ಅಂಟಿಸಿದವಳೇ ಬಂದು ತೆಗೆಯಲಿ. ಅಷ್ಟರವರೆಗೆ ನನ್ನ ಮೂತಿ ನೋಡದಿದ್ದರೆ ನನಗೇನೂ ನಷ್ಟ ಇಲ್ಲ" ಎನ್ನುತ್ತಾರೆ. ಬಿಸಿನೀರು ಬಿಟ್ಟಾಗ ಹಬೆಗೆ ಆ ಪೇಪರ್ ಉಬ್ಬುತ್ತದೆ, ಆಮೇಲೆ ಒಣಗಿ ಕೂರುತ್ತದೆ. ಹಿಂದೆ ಯಾರೋ ಉಸಿರಾಡುತ್ತಿದ್ದಾರೆ ಎನಿಸುತ್ತದೆ. ನಾನು ಬೇಗ ಸ್ನಾನ ಮುಗಿಸಿ ಹೊರಗೆ ಬರುತ್ತೇನೆ.

ಸುದ್ದಿ ಏನೆಂದರೆ, ನಮ್ಮ ಕ್ಲಿನಿಕ್ಕಿನ ಅಗಸೆ ಪರೀಕ್ಷೆಯ ಫಲಿತಾಂಶ ಬಂತು. ನಿನಗೆ ನೆನಪಿರುತ್ತದೆ. ಮೊಡವೆ ಇರುವ ನಲವತ್ತು ಜನ, ಹನ್ನೆರಡು ವಾರ. ಇಪ್ಪತ್ತು ಜನರಿಗೆ ಅಗಸೆ ಬೀಜದ ಎಣ್ಣೆಯ ಕ್ಯಾಪ್ಸೂಲ್, ಉಳಿದವರಿಗೆ ನೋಡಲು ಅದೇ ಥರದ, ಬರಿಯ ಅಡುಗೆ ಎಣ್ಣೆಯದು. ಯಾರಿಗೆ ಯಾವುದು ಎಂದು ನಿಮಗೂ ಗೊತ್ತಿರಬಾರದು, ನಮಗೂ ಗೊತ್ತಿರಬಾರದು. ಪಟ್ಟಿ ಸೀಲು ಮಾಡಿದ ಲಕೋಟೆಯಲ್ಲಿತ್ತು. ಮೊನ್ನೆ ಶುಕ್ರವಾರ ಡಾ. ಚೈತನ್ಯಾ ಅದನ್ನು ಒಡೆದರು. ಅಗಸೆ ತೆಗೆದುಕೊಂಡವರಲ್ಲಿ ಮೊಡವೆ ತುಸು ಹೆಚ್ಚು ಇಳಿದಿದೆ, ಆದರೆ ಗಟ್ಟಿಯಾಗಿ ಹೇಳುವಷ್ಟು ಅಲ್ಲ. "ನಳಿನಾಕ್ಷಿ, ಇನ್ನೂ ದೊಡ್ಡ ಸ್ಟಡಿ ಬೇಕು" ಎಂದರು.

ನಿನ್ನ ಸಂಖ್ಯೆ ಮೂವತ್ತೊಂದು. ನಿನಗೆ ಬಂದದ್ದು ಅಡುಗೆ ಎಣ್ಣೆಯ ಕ್ಯಾಪ್ಸೂಲ್. ನನಗೂ ಶುಕ್ರವಾರವೇ ತಿಳಿದದ್ದು.

ವರದಿಗೆ ಎಲ್ಲರ ಫೋಟೊ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಗುರುತು ಸಿಗದಂತೆ ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆಯಬೇಕು. ನಿನ್ನವು ಇಪ್ಪತ್ತೊಂದು: ಎಡ, ಎದುರು, ಬಲ, ಏಳು ಸಲ. ಮೊದಲ ದಿನ ನೀನು ನಗುತ್ತಿದ್ದೆ, "ಅಮ್ಮಾ, ಶಾದಿ ಕಾ ಫೋಟೊ ಹೈ ಕ್ಯಾ?" ಎಂದು ಮದುವೆ ಫೋಟೊದ ತಮಾಷೆ ಮಾಡುತ್ತಾ. ನಾಲ್ಕನೆಯ ಸಲದಿಂದ ನಿನ್ನ ಕಣ್ಣು ಕ್ಯಾಮೆರಾದ ಕಡೆಗೆ ಇಲ್ಲ. ತೆಗೆದವಳು ನಾನು, ಅಂದು ನೋಡಲೇ ಇಲ್ಲ. ಹಣೆ, ಕೆನ್ನೆ, ಗದ್ದ ಎಂದು ಎಣಿಸಿ, ಸಲದಿಂದ ಸಲಕ್ಕೆ ಒಟ್ಟು 34, 41, 52 ಎಂದು ನನ್ನ ಕೈಯಲ್ಲೇ ಬರೆದಿದ್ದೇನೆ. ಉಳಿದ ಮೂವತ್ತೊಂಬತ್ತು ಜನರ ಪಟ್ಟಿ ಎಳೆದಾಯಿತು. ನಿನ್ನದು ಆಗಲಿಲ್ಲ.

ಲೋಕಲ್ ರೈಲಿನಲ್ಲಿ ಓಢಣಿಯಿಂದ ಮುಖ ಮುಚ್ಚಿಕೊಂಡ ಹುಡುಗಿ ಕಂಡರೆ ನೀನೇ ಎನಿಸುತ್ತದೆ. ಮೊನ್ನೆ ಥಾಣೆಗೆ ಹೋಗುವಾಗ ಮುಂಬ್ರಾ ದಾಟುವವರೆಗೂ ಒಬ್ಬಳನ್ನೇ ನೋಡುತ್ತಿದ್ದೆ. ಅವಳು ಓಢಣಿ ಸರಿಸಿ, "ಕಾಯ್ ಝಾಲಂ, ಕಾಕೂ?" ಏನಾಯಿತು ಎಂದು ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಎಣಿಸಿಯಾಗಿತ್ತು. ಗದ್ದದ ಮೇಲೆ ಎರಡು.

ಆರನೆಯ ವಾರ ನಡೆದದ್ದನ್ನು ನೀನು ಮರೆತಿರಲಾರೆ. ಥಾಣೆಯ ಆ ಹೋಟೆಲಿನವರು ರಿಸೆಪ್ಷನ್ ಕೆಲಸಕ್ಕೆ ಕರೆದು, "ಸ್ಕಿನ್ ಠೀಕ್ ಹೋನೇ ಕೆ ಬಾದ್ ಆನಾ", ಮುಖ ಸರಿಯಾದ ಮೇಲೆ ಬಾ ಎಂದು ವಾಪಸು ಕಳಿಸಿದ್ದರು. ನೀನು ಅಳುತ್ತಾ ಬಂದೆ, ಕೈಯಲ್ಲಿ ಮೆಡಿಕಲ್‌ನಿಂದ ತಂದ ಮುಲಾಮು ಇತ್ತು. ಪರೀಕ್ಷೆ ಬಿಡುತ್ತೇನೆ, ಸರಿಯಾದ ಮದ್ದು ಮಾಡಿಸುತ್ತೇನೆ ಎಂದೆ ನೀನು. "ಬೇರೆ ಮದ್ದು ಮುಟ್ಟಬಾರದೆಂದು ನಿಯಮ. ಇನ್ನು ಆರೇ ವಾರ ಮಗಾ" ಎಂದು ನಾನು ಮುಲಾಮು ಕಸಿದುಕೊಂಡೆ. ಆಗ ನೀನು ಹೇಳಿದ್ದು, "ಅಮ್ಮಾ, ತೂ ಮುಝೆ ದೇಖತೀ ನಹೀ, ಸಿರ್ಫ್ ಗಿನತೀ ಹೈ." ನೋಡುವುದಿಲ್ಲ, ಎಣಿಸುತ್ತೀ. ಅಡುಗೆಮನೆಯಲ್ಲಿ ಒಬ್ಬಳೇ ಇರುವಾಗ ಈ ಮಾತು ನಿನ್ನ ದನಿಯಲ್ಲೇ ಕೇಳುತ್ತದೆ, ತಿರುಗಿ ನೋಡುತ್ತೇನೆ.

ಎಲ್ಲ ಮುಗಿದ ಮೇಲೆ ಡಾ. ಚೈತನ್ಯಾ ನಿನ್ನ ಕೆನ್ನೆಯಲ್ಲಿ ಮೊಡವೆ ಬಿಟ್ಟುಹೋದ ಗುಳಿಗಳನ್ನು ನೋಡಿ, ಎರಡು ತಿಂಗಳು ಮೊದಲೇ ಮದ್ದು ಶುರು ಮಾಡಿದ್ದರೆ ಇಷ್ಟು ಬೀಳುತ್ತಿರಲಿಲ್ಲವೇನೋ ಎಂದರು. ಆ ವಾರವೇ ನೀನು ಚೀಲ ಕಟ್ಟಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮದ್ದು ಬಿಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನಗೆ ಬೇಕಾದ ಕೆಲಸ ಸಿಗಲಿ. ಬರಬೇಕು ಎನಿಸಿದರೆ ಮುಖ ಮುಚ್ಚಿಕೊಂಡೇ ಬಾ. ನಾನು ಓಢಣಿ ತೆಗೆ ಎನ್ನುವುದಿಲ್ಲ.

ನಿನ್ನ ಅಮ್ಮ,
ನಳಿನಾಕ್ಷಿ

ಇನ್ನೊಂದು ಮಾತು: ಶುಕ್ರವಾರ ತಿಳಿಯಿತು ಎಂದು ಮೇಲೆ ಬರೆದದ್ದು ಸುಳ್ಳು. ಹಾಳೆ ಹರಿದು ಬೇರೆ ಬರೆಯಬಹುದಿತ್ತು. ಹರಿಯಲಿಲ್ಲ, ನಾನು ಎಷ್ಟು ಸಲೀಸಾಗಿ ಸುಳ್ಳು ಬರೆಯುತ್ತೇನೆ ಎಂದು ನಿನಗೂ ಕಾಣಲಿ.

ನಾಲ್ಕನೆಯ ವಾರ, ನಿನ್ನ ಮುಖದ ಮೊಡವೆ ಇಳಿಯದ್ದನ್ನು ನೋಡಿ, ನಿನ್ನ ಡಬ್ಬಿಯಿಂದ ಒಂದು ಕ್ಯಾಪ್ಸೂಲ್ ತೆಗೆದುಕೊಂಡು ಪಕ್ಕದ ಮನೆಯ ಮರಗಮ್ಮನ ಹತ್ತಿರ ಹೋದೆ. ವಿಜಯಪುರದ ಹೆಂಗಸು, ವಾರಕ್ಕೊಮ್ಮೆ ಅಗಸೆ ಹುರಿದು ಚಟ್ನಿಪುಡಿ ಕುಟ್ಟುವವಳು. ಸೂಜಿಯಿಂದ ಚುಚ್ಚಿ, ಬೆರಳಿಗೆ ಹಚ್ಚಿ ಮೂಸಿದಳು. "ಯಕ್ಕಾ, ಇದರಾಗ ಅಗಸಿ ಎಲ್ಲೈತಿ? ಬರೇ ಬಜ್ಜಿ ಕರಿಯೋ ಎಣ್ಣಿ ಐತಿ. ನಿನಗ ಯಾರೋ ಚಲೋ ಟೋಪಿ ಹಾಕ್ಯಾರ ನೋಡು" ಎಂದು ನಕ್ಕಳು. ನಾನೂ ನಕ್ಕೆ.

ಕ್ಯಾಪ್ಸೂಲ್ ಒಡೆದದ್ದು ಹೇಳಿದರೆ ಕೆಲಸ ಹೋಗುತ್ತಿತ್ತು. ನೀನು ಬಿಟ್ಟರೆ ನಲವತ್ತಕ್ಕೆ ಒಬ್ಬಳು ಕಡಿಮೆಯಾಗುತ್ತಿತ್ತು. ಉಳಿದ ಕ್ಯಾಪ್ಸೂಲ್ ಎಣಿಸುವವಳೂ ನಾನೇ, ಹಾಗಾಗಿ ಯಾರೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಲೋಟದಲ್ಲಿ ನೀರು ಹಿಡಿದು ನಿನ್ನ ಎದುರು ನಿಂತೆ. ಅಲ್ಲಿಂದ ಐವತ್ತಾರು ಬೆಳಿಗ್ಗೆ ನಿಂತೆ. ನಾಳೆ ಡಾಕ್ಟರಿಗೂ ಹೇಳುತ್ತೇನೆ; ಮೊದಲು ನಿನಗೆ ಹೇಳಬೇಕಿತ್ತು.

ಯಾರಿಗೂ ಗೊತ್ತಿಲ್ಲ ಎಂದು ನಂಬಿ ನೀನು ಪರೀಕ್ಷೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೆ. ನನಗೆ ಗೊತ್ತಿತ್ತು, ಮಗಾ.